ಸ್ಕ್ರೂ ಹಿಡಿಯದ ಸ್ವಿಚ್ ಬೋರ್ಡು

‘ಚಾರ್ಜರ್ ಎಳೆದರೆ ಬೋರ್ಡೇ ಕೈಗೆ ಬರುತ್ತದೆ. ಸ್ಕ್ರೂ ಸುಮ್ಮನೆ ಸುತ್ತುತ್ತದೆ. ತೂತಿಗೆ ಬೆಂಕಿಕಡ್ಡಿ ತುರುಕಿ ಬಿಗಿದರೆ ಸಾಕೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಸಾಲದು. ಹಳೆಯ ಮನೆಗಳ ಮರದ ಬೋರ್ಡಿಗೆ ಈ ಉಪಾಯ ಒಗ್ಗುತ್ತಿತ್ತು. ಸುತ್ತಲಿನ ಮರ ಕಡ್ಡಿಯನ್ನು ಅದುಮಿ ಹಿಡಿಯುತ್ತಿತ್ತು. ಗೋಡೆಯೊಳಗೆ ಹೂತ ತಗಡಿನ ಬಾಕ್ಸಿನಲ್ಲಿ ಅದುಮಲು ಏನಿದೆ? ಬೋರ್ಡು ಬಿಗಿಯುವ ಎಂ3.5 ಸ್ಕ್ರೂವಿನಲ್ಲಿ ಸುತ್ತಿನಿಂದ ಸುತ್ತಿಗೆ 0.6 ಮಿಲಿಮೀಟರ್ ಅಂತರ. ಸ್ಕ್ರೂ ಕೂರುವ ಬಾಕ್ಸಿನ ಕಿವಿ ಒಂದು ಮಿಲಿಮೀಟರ್ ದಪ್ಪದ್ದಾದರೆ ಬೋರ್ಡಿನ ಭಾರವೆಲ್ಲ ಎರಡು ಸುತ್ತೂ ಇಲ್ಲದ ಥ್ರೆಡ್ಡಿನ ಮೇಲೆ. ಹಸಿ ಸಿಮೆಂಟಿನ ಕ್ಷಾರ ಸತುವಿನ ಲೇಪವನ್ನು ತಿನ್ನುತ್ತದೆ, ಗೋಡೆಯ ತೇವ ತುಕ್ಕು ಹಿಡಿಸುತ್ತದೆ. ಓರೆಯಾಗಿ ಕೂತ ಸ್ಕ್ರೂವನ್ನು ಒಮ್ಮೆ ಜೋರಾಗಿ ತಿರುಗಿಸಿದರೂ ಸಾಕು, ಥ್ರೆಡ್ ಹೋಯಿತು.

ಬೆಂಕಿಕಡ್ಡಿಯ ಕೆಲಸವನ್ನೇ ಕ್ರಮವಾಗಿ ಮಾಡಿ ತೋರಿಸಿದವರು ಲಂಡನ್ನಿನ ಗುತ್ತಿಗೆದಾರ ಜಾನ್ ಜೋಸೆಫ್ ರಾಲಿಂಗ್ಸ್. ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆ ಕೆಡದಂತೆ ವಿದ್ಯುತ್ ಸಲಕರಣೆ ಕೂರಿಸಬೇಕಿತ್ತು. ಆಗಿನ ರೂಢಿಯಂತೆ ಗೋಡೆ ಕೆತ್ತಿ ಮರದ ಗೂಟ ಹೊಡೆದರೆ ಗಾಯ ದೊಡ್ಡದಾಗುತ್ತಿತ್ತು. ಅವರು ಸೆಣಬಿನ ನಾರನ್ನು ಅಂಟಿನಿಂದ ಗಟ್ಟಿ ಮಾಡಿ ಪುಟ್ಟ ಕೊಳವೆ ಮಾಡಿದರು. 1911ರಲ್ಲಿ ಪೇಟೆಂಟ್ ಬಂತು. ಸ್ಕ್ರೂ ಒಳಗೆ ಹೋದಂತೆ ಕೊಳವೆ ಉಬ್ಬಿ ತೂತಿನ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದ ಘರ್ಷಣೆಯೇ ಹಿಡಿತ. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇಂದಿಗೂ ಉಳಿದಿರುವ ‘ರಾವಲ್ ಪ್ಲಗ್’ ಅವರ ಹೆಸರೇ! 1958ರಲ್ಲಿ ಜರ್ಮನಿಯ ಆರ್ಟುರ್ ಫಿಷರ್ ಅದನ್ನು ನೈಲಾನಿಗೆ ತಂದರು. ಇಷ್ಟು ಸಣ್ಣ ವಸ್ತುವಿನಲ್ಲಿ ಇಷ್ಟು ಬುದ್ಧಿ ಅಡಗಿರುವುದು ನನಗೆ ಎಂದಿಗೂ ಬೆರಗು.

ಆದ್ದರಿಂದ ಇಡೀ ಬಾಕ್ಸೇ ಅಲ್ಲಾಡುತ್ತಿದ್ದರೆ ಅದರ ಬೆನ್ನಿನ ಮೂಲಕ ಇಟ್ಟಿಗೆಗೆ ರಾವಲ್ ಪ್ಲಗ್ ಹಾಕಿ ಬಿಗಿಯಬಹುದು. ಥ್ರೆಡ್ ಮಾತ್ರ ಹೋಗಿದ್ದರೆ ಟ್ಯಾಪ್ ಎಂಬ ಥ್ರೆಡ್ ಕೊರೆಯುವ ಸಲಕರಣೆಯಿಂದ ಸ್ವಲ್ಪ ದೊಡ್ಡದಾದ ಎಂ4 ಥ್ರೆಡ್ ಕೊರೆಸಿ. ಕಿವಿಯೇ ಮುರಿದಿದ್ದರೆ, ತುಕ್ಕು ತಿಂದಿದ್ದರೆ ಹೊಸ ಬಾಕ್ಸೇ ಸರಿ. ಯಾವುದಕ್ಕೂ ಮೊದಲು ಮೇನ್ ಸ್ವಿಚ್ ಆರಿಸಿ, ಟೆಸ್ಟರ್ ಇಟ್ಟು ನೋಡಿ. ಕೈ ಪಳಗದವರು ಎಲೆಕ್ಟ್ರಿಷಿಯನ್ನರನ್ನೇ ಕರೆಯಬೇಕು.

‘ಅಲ್ಲಾಡಿದರೆ ಅಲ್ಲಾಡಲಿ’ ಎನ್ನುವಂತಿಲ್ಲ. ಬೋರ್ಡು ಎಳೆದಾಡಿದಷ್ಟೂ ಹಿಂದಿನ ವೈರಿನ ಬಿಗಿತ ಸಡಿಲುತ್ತದೆ. 2,000 ವಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಸಡಿಲ ಜೋಡಣೆಯಲ್ಲಿ 0.1 ಓಮ್ ರೋಧ ಹುಟ್ಟಿದರೂ ಆ ಒಂದು ಬಿಂದುವಿನಲ್ಲೇ ಏಳು ವಾಟಿಗೂ ಹೆಚ್ಚು ಶಾಖ. ಪ್ಲಾಸ್ಟಿಕ್ ಕಂದಿ, ಸುಟ್ಟ ವಾಸನೆ ಬರುವುದು ಹೀಗೆಯೇ. ಅಲ್ಲಿ ನೀವು ತುರುಕಿದ ಬೆಂಕಿಕಡ್ಡಿಯೂ ಇರುತ್ತದೆ.