ಉಬ್ಬುಹೊಟ್ಟೆಯ ಗಿಟಾರು

ಧಾರಾವಿಯ ಹದಿಮೂರನೆಯ ಕಂಪೌಂಡಿಗೆ ಬಾರದ ವಸ್ತು ಮುಂಬಯಿಯಲ್ಲಿ ಇಲ್ಲವೆಂದೇ ಹೇಳಬೇಕು. ನಗರದ ಅಟ್ಟ, ಕಪಾಟು, ಗ್ಯಾಲರಿಗಳಿಂದ ಹೊರಬಿದ್ದ ಪ್ಲಾಸ್ಟಿಕ್ಕು, ತಗಡು, ಕಾಗದಗಳೆಲ್ಲ ಭಂಗಾರವಾಲಾನ ಕೈಗಾಡಿ ಏರಿ ಅಲ್ಲಿಗೆ ಬಂದು, ವಿಂಗಡವಾಗಿ, ಬೇರೊಂದು ಜನ್ಮ ತಾಳುತ್ತವೆ. ಇದು ದೊಡ್ಡ ಉಪಕಾರವೇ ಸರಿ. ಆದರೆ ಭಂಗಾರಕ್ಕೂ ನಮ್ಮ ಬಂಗಾರಕ್ಕೂ ನಡುವೆ ಇರುವುದು ಒಂದು ಮಹಾಪ್ರಾಣದ ಅಂತರ ಮಾತ್ರ! ಪುನರ್ಜನ್ಮಕ್ಕಿಂತ ಇದ್ದ ಜನ್ಮವೇ ಹೆಚ್ಚು ಬೆಲೆಯುಳ್ಳ ವಸ್ತುಗಳೂ ಉಂಟು. ಹಳೆಯ ಜಾಜ್ ಗಿಟಾರು ಅಂಥದೊಂದು. 2024ರಲ್ಲಿ ಪುನರಭಿವೃದ್ಧಿಗಾಗಿ ಧಾರಾವಿಯ ಮನೆಮನೆಯ ಸಮೀಕ್ಷೆ ಆರಂಭವಾಯಿತಷ್ಟೆ. ಮನೆ ಬಿಡುವವರು ಅಟ್ಟ ಇಳಿಸುವ ಮೊದಲೇ ಈ ನಾಲ್ಕು ಮಾತು ಹೇಳಿಬಿಡುವುದು ಲೇಸೆಂದು ನಮಗೆ ತೋರಿತು.

ಸಾಮಾನ್ಯ ಗಿಟಾರಿನ ಎದೆ ಚಪ್ಪಟೆ, ನಡುವೆ ಒಂದು ದುಂಡು ರಂಧ್ರ. ನಾವು ಹೇಳುತ್ತಿರುವ ಗಿಟಾರಿನ ಎದೆಯೂ ಬೆನ್ನೂ ಪಿಟೀಲಿನಂತೆ ಉಬ್ಬಿರುತ್ತವೆ. ಎರಡು ಪಕ್ಕದಲ್ಲಿ ಇಂಗ್ಲಿಷಿನ ಎಫ್ ಅಕ್ಷರದಂಥ ಸೀಳುಗಳು. ಇದಕ್ಕೆ ಆರ್ಚ್‌ಟಾಪ್ ಎಂದು ಹೆಸರು. ಗಿಟಾರಿಗೆ ಪಿಟೀಲಿನ ಮೈ ಏತಕ್ಕೆ ಬೇಕಾಯಿತು? ನಮ್ಮ ಪಿಟೀಲು ಚೌಡಯ್ಯನವರನ್ನು (1895–1967) ನೆನೆದರೆ ಉತ್ತರ ಸುಲಭ. ಧ್ವನಿವರ್ಧಕವಿಲ್ಲದ ದೊಡ್ಡ ಸಭೆಗಳಲ್ಲಿ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಅವರು ನಾಲ್ಕು ತಂತಿಗೆ ಮತ್ತೆ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅಮೆರಿಕದ ಗಿಟಾರು ವಾದಕರಿಗೂ ಸುಮಾರು ಅದೇ ಕಾಲದಲ್ಲಿ ಅದೇ ಸಂಕಟ. ಸುತ್ತ ತುತ್ತೂರಿ, ಸ್ಯಾಕ್ಸೊಫೋನು, ಡ್ರಮ್ಮು. ನಡುವೆ ಗಿಟಾರಿನ ಮೆಲುದನಿ ಸಂತೆಯಲ್ಲಿ ಹೇಳಿದ ಕಿವಿಮಾತಿನಂತೆ.

ಮಿಶಿಗನ್ ಪ್ರಾಂತದ ಕಲಮಝೂ ಊರಿನ ಆರ್ವಿಲ್ ಗಿಬ್ಸನ್ ಎಂಬವರು 19ನೆಯ ಶತಮಾನದ ಕೊನೆಗೇ ಮ್ಯಾಂಡೊಲಿನ್ನು, ಗಿಟಾರುಗಳ ಎದೆಯನ್ನು ಉಬ್ಬಾಗಿ ಕೆತ್ತತೊಡಗಿದ್ದರು. 1902ರಲ್ಲಿ ಅವರ ಹೆಸರಿನ ಕಂಪನಿ ಹುಟ್ಟಿತು. 1920ರ ದಶಕದ ಆರಂಭದಲ್ಲಿ ಅಲ್ಲಿ ಲಾಯ್ಡ್ ಲೋರ್ ಅವರ ಕಾಲದಲ್ಲಿ ಬಂದ ‘ಎಲ್-5’ ಗಿಟಾರು ಎಫ್ ರಂಧ್ರಗಳನ್ನು ಪಡೆದು ಈ ವಂಶದ ಮೂಲಪುರುಷನಾಯಿತು.

ಇದರ ಕೆಲಸವನ್ನು ಕೇಳಬೇಕು. ಸ್ಪ್ರೂಸ್ ಮರದ ದಪ್ಪ ತುಂಡನ್ನು ಸೀಳಿ, ಪುಸ್ತಕ ಬಿಚ್ಚಿದಂತೆ ಎರಡು ಹೋಳುಗಳನ್ನು ತೆರೆದು, ನಡುವೆ ಅಂಟಿಸುತ್ತಾರೆ. ಎಡಬಲದ ಮರದ ಗೆರೆಗಳು ಒಂದಕ್ಕೊಂದು ಕನ್ನಡಿ ಹಿಡಿದಂತೆ ಕಾಣುತ್ತವೆ. ಮೊದಲು ಹೊರಮೈಯ ಉಬ್ಬು, ಆಮೇಲೆ ಒಳಮೈಯ ತಗ್ಗು. ಉಳಿಯಿಂದ, ಅಂಗೈಯಲ್ಲಿ ಅಡಗುವ ಪುಟ್ಟ ಕೀಸುಳಿಯಿಂದ ಕೆತ್ತುತ್ತ ಹೋಗಿ, ನಡುವೆ ಸುಮಾರು 6 ಮಿಲಿಮೀಟರ್, ಅಂಚಿನತ್ತ ಇನ್ನೂ ತೆಳುವಾಗಿ ಉಳಿಸುತ್ತಾರೆ. ಮರದ ಹೆಚ್ಚಿನ ಪಾಲು ಸಿಪ್ಪೆಯಾಗಿ ನೆಲಕ್ಕೆ ಬೀಳುತ್ತದೆ. ಎಲ್ಲಿ ನಿಲ್ಲಿಸಬೇಕೆಂಬುದನ್ನು ಹೇಳುವುದು ಅಳತೆಗೋಲಲ್ಲ. ಬೆರಳಿನಿಂದ ತಟ್ಟಿ, ಕಿವಿಗೊಟ್ಟು, ಮತ್ತಷ್ಟು ಕೆರೆದು, ಮತ್ತೆ ತಟ್ಟುತ್ತಾರೆ. ಹಲಸಿನ ಮರದ ಕೊಡ ತೋಡುವ ಮೈಸೂರಿನ ವೀಣೆಯ ಆಚಾರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆನ್ನು, ಪಕ್ಕಗಳು ಗಟ್ಟಿಯಾದ ಮೇಪಲ್ ಮರದವು. ಕುದುರೆಗೆ ಅಂಟಿಲ್ಲ, ತಂತಿಗಳು ಕೆಳಗೊತ್ತುವ ಬಲದಿಂದಲೇ ಅದು ನಿಂತಿರುತ್ತದೆ. ಉಬ್ಬಿದ ಎದೆ ಕಮಾನಿನಂತೆ ಆ ಭಾರ ಹೊರುತ್ತದೆ.

ಇದರ ನಾದ ತಂಬೂರಿಯಂತೆ ಉಳಿಯುವುದಲ್ಲ. ಎದ್ದು ನಿಂತು, ಹೇಳಬೇಕಾದ್ದನ್ನು ಹೇಳಿ, ಕುಳಿತುಬಿಡುತ್ತದೆ. ತಾಳ ಹಿಡಿಯುವವನಿಗೆ ಬೇಕಾದ್ದೇ ಅದು. ಕೌಂಟ್ ಬೇಸಿಯವರ ತಂಡದಲ್ಲಿ ಫ್ರೆಡ್ಡಿ ಗ್ರೀನ್ 1937ರಿಂದ 1987ರಲ್ಲಿ ತೀರಿಕೊಳ್ಳುವವರೆಗೆ ಇಂಥ ಗಿಟಾರಿನಲ್ಲಿಯೇ ತಾಳ ಹಾಕಿದರು. ನ್ಯೂಯಾರ್ಕಿನ ಜಾನ್ ಡಿ’ಆಂಜೆಲಿಕೊ ತಮ್ಮ ಸಣ್ಣ ಅಂಗಡಿಯಲ್ಲಿ 1932ರಿಂದ 1964ರವರೆಗೆ ಸಾವಿರಕ್ಕೆ ಸ್ವಲ್ಪ ಮೇಲ್ಪಟ್ಟು ಗಿಟಾರು ಮಾಡಿದರು, ಅಷ್ಟೆ. ಇತ್ತ ವಿದ್ಯುತ್ತು ಗಿಟಾರಿನೊಳಗೆ ಬಂದ ಮೇಲೆ ಕೂಗುವ ಹೊಣೆ ಮರದಿಂದ ತಂತಿಗೆ ಹೋಯಿತು. 1949ರಲ್ಲಿ ಗಿಬ್ಸನ್ ಕಂಪನಿಯೇ ಒತ್ತಿ ಬಾಗಿಸಿದ ಪ್ಲೈವುಡ್ಡಿನ ಉಬ್ಬು ಗಿಟಾರನ್ನು ಮಾರಿತು. ಕೆತ್ತಿದ ಗಿಟಾರು ಅಪರೂಪವಾದುದು ಹೀಗೆ.

ನಮ್ಮ ಮುಂಬಯಿಗೆ ಇದರ ನಂಟು ಹಳೆಯದು. 1935ರಲ್ಲಿ ಲಿಯಾನ್ ಆಬಿಯವರ ತಂಡ ತಾಜಮಹಲ್ ಹೋಟೆಲಿನಲ್ಲಿ ಜಾಜ್ ನುಡಿಸಿತು. ಮುಂದೆ ಚಿಕ್ ಚಾಕೊಲೇಟ್ ಎಂದೇ ಹೆಸರಾದ ಆಂಟೋನಿಯೊ ವಾಜ್ ಮೊದಲಾದ ಗೋವೆಯ ವಾದಕರು ಹೋಟೆಲಿನಿಂದ ಸಿನಿಮಾ ಸ್ಟುಡಿಯೋಗಳಿಗೂ ಆ ಲಯವನ್ನು ಒಯ್ದರು. ಇನ್ನೂ ದೊಡ್ಡ ವಿಸ್ಮಯ ಬೇರೆಯಿದೆ. ಜೋಧಪುರದ ಬ್ರಿಜ್ ಭೂಷಣ್ ಕಾಬ್ರಾ ಅವರು ‘ಸೂಪರ್ 400’ ಎಂಬ ಗಿಬ್ಸನ್ ಆರ್ಚ್‌ಟಾಪನ್ನೇ ಮಡಿಲಲ್ಲಿ ಮಲಗಿಸಿ, ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸಿ ರಾಗ ನುಡಿಸಿದರು. ಕುಳಿತುಬಿಡುವ ನಾದದಿಂದ ಮೀಂಡು ಹೊರಡಿಸುವುದೆಂದರೇನು ಸಾಮಾನ್ಯವೇ! ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾರೊಡನೆ ಅವರು ನುಡಿಸಿದ 1967ರ ‘ಕಾಲ್ ಆಫ್ ದಿ ವ್ಯಾಲಿ’ ತಟ್ಟೆ ನಮ್ಮ ಎಷ್ಟೋ ಮನೆಗಳಲ್ಲಿ ತಿರುಗಿದೆ. ವಿಶ್ವಮೋಹನ ಭಟ್ಟರ ಮೋಹನ ವೀಣೆಯೂ ಈ ಉಬ್ಬು ಗಿಟಾರಿನಿಂದಲೇ ಹುಟ್ಟಿದ್ದು; ಅದು 1994ರಲ್ಲಿ ಗ್ರ್ಯಾಮಿ ಪ್ರಶಸ್ತಿಯವರೆಗೂ ಹೋಯಿತು.

ಇನ್ನು ಅಟ್ಟದ ಮಾತು. ಎಫ್ ರಂಧ್ರವಿದ್ದ ಮಾತ್ರಕ್ಕೆ ಹಿಗ್ಗಬೇಡಿ. ಕಲ್ಕತ್ತೆಯ ಅಗ್ಗದ ಗಿಟಾರುಗಳಿಗೂ ಅದುಂಟು. ರಂಧ್ರದ ಅಂಚನ್ನು ಬ್ಯಾಟರಿ ಹಿಡಿದು ನೋಡಿ. ಮೇಲಿನ ಗೆರೆಗಳು ಮರದ ದಪ್ಪದಲ್ಲಿಯೂ ಹಾಗೆಯೇ ಇಳಿದಿದ್ದರೆ ಇಡೀ ಮರ; ಚಪಾತಿಯ ಪದರಿನಂತೆ ಕಂಡರೆ ಪ್ಲೈವುಡ್ಡು. ಇಡೀ ಮರವಾಗಿದ್ದರೆ ಬಲ್ಲವರಿಗೆ ತೋರಿಸದೆ ತೂಕಕ್ಕೆ ಹಾಕಬೇಡಿ. ನಮ್ಮ ಮಳೆಗಾಲದ ತೇವಕ್ಕೆ ಅಂಟು ಬಿಟ್ಟಿದ್ದರೂ ಎದೆಗುಂದಬೇಕಿಲ್ಲ. ಹಳಬರು ಬಳಸಿದ್ದು ಚರ್ಮ ಕಾಯಿಸಿ ತೆಗೆದ ಸರೇಸು. ಬಿಸಿ, ನೀರುಗಳಿಗೆ ಅದು ಬಿಡುವುದರಿಂದಲೇ ರಿಪೇರಿ ಸಾಧ್ಯ. ಅಲ್ಲಿಗೆ ಇಂದಿನ ಕಲ್ಲಿನಂಥ ಅಂಟು ಮೆತ್ತಿದರೆ ಮುಂದಿನವನು ಮರವನ್ನೇ ಒಡೆಯಬೇಕಾಗುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ತಂತಿಗಳನ್ನು ಸಡಿಲಿಸಿ, ಆದರೆ ಎಲ್ಲವನ್ನೂ ಒಟ್ಟಿಗೆ ಕಳಚಬೇಡಿ. ಕುದುರೆ ಜಾರಿಬಿದ್ದರೆ ಅದು ನಿಂತಿದ್ದ ಜಾಗ ಹುಡುಕುವುದು ಕಷ್ಟ. ಅದಕ್ಕೆ ಮೊದಲೇ ಕುದುರೆಯ ಕಾಲುಗಳ ಪಕ್ಕ ಮೆಲ್ಲಗೆ ಕಾಗದದ ಪಟ್ಟಿ ಅಂಟಿಸಿ ಗುರುತು ಮಾಡಿಟ್ಟುಕೊಳ್ಳಿ.