ಅಳಿದ ಪರಂತುಕ: ಜೈರಾಮ್ ರಮೇಶ್ ಅವರ ಸಂಸದೀಯ ದಾಖಲೆ ಮತ್ತು ಗಡಿನಾಡಿನ ಮಾಹಿತಿ ಹಕ್ಕು

ಮಾಹಿತಿ ಹಕ್ಕು ಅಧಿನಿಯಮ, 2005ರ 8(1)(ಜೆ) ಕಲಮಿನ ಕೊನೆಗೆ ಒಂದು ಪರಂತುಕವಿತ್ತು: ಸಂಸತ್ತಿಗಾಗಲಿ ರಾಜ್ಯ ವಿಧಾನಮಂಡಲಕ್ಕಾಗಲಿ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸತಕ್ಕದ್ದಲ್ಲ. ಜನಪ್ರತಿನಿಧಿಯ ಪ್ರಶ್ನಾಧಿಕಾರವನ್ನು ಪ್ರಜೆಗೂ ಹಂಚಿದ ವಾಕ್ಯವಿದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮ, 2023ರ 44(3)ನೆಯ ಕಲಂ 2025ರ ನವೆಂಬರಿನಲ್ಲಿ ಜಾರಿಗೆ ಬಂದು ಅದನ್ನು ಅಳಿಸಿತು. ಅದೇ ವರ್ಷದ ಮಾರ್ಚಿನಲ್ಲಿ, ಈ ನಷ್ಟವನ್ನು ಎತ್ತಿ ತೋರಿಸಿ ಸಚಿವ ಅಶ್ವಿನಿ ವೈಷ್ಣವ್ ಅವರಿಗೆ ಪತ್ರ ಬರೆದವರು ಕರ್ನಾಟಕದಿಂದ ರಾಜ್ಯಸಭೆಗೆ ಆಯ್ಕೆಯಾದ ಜೈರಾಮ್ ರಮೇಶ್. ತನಗಿರುವ ಅಧಿಕಾರ ಎಲ್ಲರದೂ ಆಗಿರಲಿ ಎಂದು ಶಾಸನಕರ್ತನೊಬ್ಬ ವಾದಿಸುವುದು ಅಪರೂಪ. ಆ ವಾದದ ಹಿಂದೆ ಸುಮಾರು ಒಂದು ದಶಕದ ದಾಖಲೆಯಿದೆ. ಅದರ ಬಹುಭಾಗ ಸೋಲುಗಳದ್ದು.

2016ರ ಮಾರ್ಚ್ 16ರಂದು ಆಧಾರ್ ವಿಧೇಯಕಕ್ಕೆ ಅವರು ಸೂಚಿಸಿದ ಐದು ತಿದ್ದುಪಡಿಗಳನ್ನು ರಾಜ್ಯಸಭೆ ಅಂಗೀಕರಿಸಿತು. ಆಗ ಅವರು ಆಂಧ್ರಪ್ರದೇಶದ ಪ್ರತಿನಿಧಿ. ಆದರೆ ವಿಧೇಯಕವನ್ನು ಧನ ವಿಧೇಯಕವಾಗಿ ತಂದಿದ್ದರಿಂದ ಮೇಲ್ಮನೆಯ ತಿದ್ದುಪಡಿಗಳು ಶಿಫಾರಸುಗಳಷ್ಟೇ. ಲೋಕಸಭೆ ಅಂದೇ ಅವನ್ನು ತಳ್ಳಿಹಾಕಿತು. ಅವುಗಳಲ್ಲೊಂದು 57ನೆಯ ಕಲಮನ್ನು ಕೈಬಿಡಬೇಕೆಂಬುದು. ಖಾಸಗಿ ಕಂಪನಿಗಳ ಆಧಾರ್ ಬಳಕೆಗೆ ದಾರಿಮಾಡಿದ್ದ ಆ ಕಲಮಿನ ಭಾಗವನ್ನು 2018ರ ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯವೇ ರದ್ದುಪಡಿಸಿತು. ಧನ ವಿಧೇಯಕವೆಂಬ ವರ್ಗೀಕರಣದ ವಿರುದ್ಧ ರಮೇಶ್ ಹೂಡಿದ್ದ ವಾದವನ್ನು ಮಾತ್ರ ಬಹುಮತ ಒಪ್ಪಲಿಲ್ಲ. ನ್ಯಾಯಮೂರ್ತಿ ಚಂದ್ರಚೂಡ್ ಅವರೊಬ್ಬರೇ ಅದನ್ನು ಸಂವಿಧಾನಕ್ಕೆ ಎಸಗಿದ ವಂಚನೆಯೆಂದರು. ಆಧಾರ್ ಯೋಜನೆಯನ್ನು ಆರಂಭಿಸಿದ ಸರ್ಕಾರದಲ್ಲಿ ರಮೇಶ್ ಸಚಿವರಾಗಿದ್ದರೆಂಬುದನ್ನೂ ಇಲ್ಲಿ ನೆನೆಯಬೇಕು. ವಿರೋಧಪಕ್ಷದ ಆಸನದಿಂದ ಖಾಸಗಿತನ ಹೆಚ್ಚು ನಿಚ್ಚಳವಾಗಿ ಕಾಣುತ್ತದೆ.

2021ರಲ್ಲಿ ದತ್ತಾಂಶ ವಿಧೇಯಕದ ಜಂಟಿ ಸಂಸದೀಯ ಸಮಿತಿಗೆ ಅವರು ಸಲ್ಲಿಸಿದ ಭಿನ್ನಮತ ಟಿಪ್ಪಣಿಯೂ ಇದೇ ಧಾಟಿಯದು. ಕೇಂದ್ರವು ತನ್ನ ಯಾವುದೇ ಸಂಸ್ಥೆಗೆ ವಿನಾಯಿತಿ ನೀಡಬಹುದಾದ 35ನೆಯ ಖಂಡಕ್ಕೆ ಅವರ ಮುಖ್ಯ ಆಕ್ಷೇಪ.

ಇನ್ನು ಪರಂತುಕದ ವಿಚಾರ. ಸಾರ್ವಜನಿಕ ಚಟುವಟಿಕೆಗೆ ಸಂಬಂಧಿಸದ, ಇಲ್ಲವೇ ಖಾಸಗಿತನಕ್ಕೆ ಅನುಚಿತ ಧಕ್ಕೆ ತರುವ ವೈಯಕ್ತಿಕ ಮಾಹಿತಿಗೆ ಮಾತ್ರ ಹಿಂದೆ ವಿನಾಯಿತಿಯಿತ್ತು; ಈಗ ಮಾಹಿತಿ ವೈಯಕ್ತಿಕವಾಗಿದ್ದರೆ ಸಾಕು. ಹಿಂದೆಯೂ ಎಲ್ಲವೂ ಸಲೀಸಾಗಿರಲಿಲ್ಲ: 2012ರ ಗಿರೀಶ್ ರಾಮಚಂದ್ರ ದೇಶಪಾಂಡೆ ತೀರ್ಪು ನೌಕರರ ಸೇವಾ ದಾಖಲೆಗಳನ್ನು ವೈಯಕ್ತಿಕವೆಂದೇ ಎಣಿಸಿತ್ತು. ಸಾರ್ವಜನಿಕ ಹಿತಾಸಕ್ತಿ ಮೇಲಾದಲ್ಲಿ ಮಾಹಿತಿ ನೀಡಬಹುದೆನ್ನುವ 8(2) ಹಾಗೆಯೇ ಇದೆ ಎಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ‘ನೀಡಬಹುದು’ ಎಂಬುದು ‘ನಿರಾಕರಿಸತಕ್ಕದ್ದಲ್ಲ’ ಎಂಬುದಕ್ಕೆ ಸಮನಲ್ಲ.

ಗಡಿನಾಡಿನಲ್ಲಿ ಈ ವ್ಯತ್ಯಾಸ ಬರಿಯ ವ್ಯಾಕರಣದ್ದಲ್ಲ. ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡವರಿಯದ ಶಿಕ್ಷಕರ ನೇಮಕವಾಗಿದೆಯೆಂಬ ದೂರು ಕಾಸರಗೋಡಿಗೆ ಹೊಸದಲ್ಲ. ನೇಮಕಗೊಂಡವರು ಕನ್ನಡವನ್ನು ಯಾವ ಹಂತದವರೆಗೆ ಓದಿದ್ದಾರೆ ಎಂಬ ಅರ್ಜಿ ಸ್ವರೂಪತಃ ಒಬ್ಬ ವ್ಯಕ್ತಿಯ ಕುರಿತ ಪ್ರಶ್ನೆ. ಬೋಧನೆ ಸಾರ್ವಜನಿಕ ಚಟುವಟಿಕೆಯಲ್ಲವೇ ಎಂದು ಹಳೆಯ ಕಲಮಿನಡಿ ವಾದಿಸಬಹುದಿತ್ತು. ಮಂಜೇಶ್ವರದ ಶಾಸಕರು ಕೇರಳ ವಿಧಾನಸಭೆಯಲ್ಲಿ ಅದನ್ನೇ ಕೇಳಿದರೆ ಸರ್ಕಾರ ಇಂದಿಗೂ ಉತ್ತರಿಸಬೇಕಾದೀತು; ಪೈವಳಿಕೆಯ ಪೋಷಕರೊಬ್ಬರು ಕೇಳಿದರೆ, ‘ವೈಯಕ್ತಿಕ’ ಎಂಬ ಒಂದು ಪದದಿಂದ ಕಚೇರಿ ಅರ್ಜಿಯನ್ನು ಹಿಂದಿರುಗಿಸಬಹುದು.