ಮಳೆಗಾಲದ ಕಸ ತೆಗೆಯುವಾಗ ಮನೆಯ ನಾಯಿ, ಬೆಕ್ಕಿನ ನೆನಪಿರಲಿ



ಜೂನ್ ತಿಂಗಳಲ್ಲಿ ಎರಡು ದೊಡ್ಡ ಮಳೆ ಬಿದ್ದರೆ ಸಾಕು, ನಮ್ಮ ವಾಕಡದಲ್ಲಿ ಖಾಲಿ ಬಿದ್ದ ಜಾಗವೆಲ್ಲ ಹಸಿರಾಗುತ್ತದೆ. ಭೂಮ್ಕರ್ ಚೌಕದ ಕಡೆ ಹೋಗಿ, ಕಸ್ಪಟೆ ವಸ್ತಿಯ ಕಡೆ ಹೋಗಿ, ಕಾಂಪೌಂಡ್ ಗೋಡೆಗಳ ಬುಡದಲ್ಲಿ ಕಾಂಗ್ರೆಸ್ ಕಸ ಮೊಣಕಾಲೆತ್ತರ ನಿಂತಿರುತ್ತದೆ. ಅದರ ಹಿಂದೆಯೇ ಬೆನ್ನಿಗೆ ಪಂಪು ಹಾಕಿಕೊಂಡ ಮಾಲಿ ಬರುತ್ತಾನೆ. ಬೆಳಿಗ್ಗೆ ಹೊಡೆದು ಹೋಗುತ್ತಾನೆ. ಸಂಜೆ ಅದೇ ಹುಲ್ಲಿನ ಮೇಲೆ ನಾವು ನಾಯಿಯನ್ನು ತಿರುಗಾಡಿಸುತ್ತೇವೆ, ಮಕ್ಕಳು ಚೆಂಡು ಆಡುತ್ತಾರೆ.

ಏನು ಹೊಡೆದರು ಎಂದು ಕೇಳುವವರು ಕಡಿಮೆ. ನಮ್ಮ ಉತ್ತರ ಕರ್ನಾಟಕದ ಹೊಲಗಳಲ್ಲಿ ಇದಕ್ಕೆ 'ಎಣ್ಣೆ ಹೊಡೆಯೋದು' ಅಂತೀವಿ. ಇನ್ನು ಕೆಲವರು 'ಔಷಧಿ' ಅಂತಾರೆ. ಇಲ್ಲಿ ಮರಾಠಿಯಲ್ಲಿಯೂ ಔಷಧವೇ. ಹೆಸರು ಮೆತ್ತಗಿದೆ, ಒಳಗಿರುವುದು ವಿಷ. ಅಂಗಡಿಯ ಬಾಟಲಿಯ ಮೇಲೆ ಮರಾಠಿಯಲ್ಲಿ 'ತಣನಾಶಕ' ಎಂದು ಬರೆದಿದ್ದರೆ ಅದೇ ನಮ್ಮ ಕಳೆನಾಶಕ.

*ಬಾಟಲಿಯಲ್ಲಿ ಇರುವುದು ಏನು?*

ಸಾಮಾನ್ಯವಾಗಿ ಸಿಗುವುದು ಮೂರು.

ಮೊದಲನೆಯದು ಗ್ಲೈಫೊಸೇಟ್. ಗಿಡ ಬೆಳೆಯಲು ಬೇಕಾದ ಒಂದು ಕಿಣ್ವವನ್ನು ಇದು ತಡೆಯುತ್ತದೆ. ಆ ಕಿಣ್ವ ನಮ್ಮ ದೇಹದಲ್ಲಿಯೂ ಇಲ್ಲ, ನಾಯಿಯ ದೇಹದಲ್ಲಿಯೂ ಇಲ್ಲ. ಹಾಗಾಗಿ 'ಪ್ರಾಣಿಗಳಿಗೆ ಏನೂ ಆಗಲ್ಲ' ಎಂದು ಅಂಗಡಿಯವರು ಧೈರ್ಯವಾಗಿ ಹೇಳುತ್ತಾರೆ. ಅರ್ಧ ಮಾತ್ರ ನಿಜ. ಎಲೆಗೆ ಅಂಟಿಕೊಳ್ಳಲಿ ಎಂದು ಅದರಲ್ಲಿ ಸೋಪಿನಂಥ ದ್ರವ ಬೆರೆಸಿರುತ್ತಾರೆ. ಹಸಿ ಹುಲ್ಲಿನ ಮೂಲಕ ಅದು ಹೊಟ್ಟೆಗೆ ಹೋದರೆ ಜೊಲ್ಲು, ವಾಂತಿ, ಭೇದಿ ಶುರುವಾಗಬಹುದು. ಮನುಷ್ಯರ ವಿಷಯಕ್ಕೆ ಬಂದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಗ್ಲೈಫೊಸೇಟನ್ನು 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ ಗುಂಪಿಗೆ ಸೇರಿಸಿತು. ಕೆಲವು ದೇಶಗಳ ನಿಯಂತ್ರಣ ಸಂಸ್ಥೆಗಳು ಇದನ್ನು ಒಪ್ಪಿಲ್ಲ, ವಾದ ಇನ್ನೂ ನಡೆದಿದೆ. ನಮಗೆ ಮುಖ್ಯವಾದದ್ದು ಬೇರೆ: 2022ರ ಅಕ್ಟೋಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ಪೆಸ್ಟ್ ಕಂಟ್ರೋಲ್ ಆಪರೇಟರ್‌ಗಳನ್ನು ಬಿಟ್ಟು ಬೇರೆ ಯಾರೂ ಗ್ಲೈಫೊಸೇಟ್ ಬಳಸಬಾರದು ಎಂದು ಅಧಿಸೂಚನೆ ಹೊರಡಿಸಿತು. ಅಂದರೆ ಸೊಸೈಟಿಯ ಮಾಲಿ ಕೈಗೆ ಬಾಟಲಿ ಕೊಟ್ಟು 'ಹೊಡಿ' ಅನ್ನುವ ಪದಾರ್ಥ ಇದಲ್ಲ.

ಎರಡನೆಯದು 2,4-ಡಿ. ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುತ್ತದೆ, ಅದಕ್ಕೇ ಲಾನ್ ಇರುವ ಕಡೆ ಇದರ ಬಳಕೆ. ನಾಯಿ ಸಾಕಿದವರು ಒಂದು ವಿಷಯ ತಿಳಿದಿರಬೇಕು: ಈ ರಾಸಾಯನಿಕವನ್ನು ನಾಯಿಯ ಮೂತ್ರಪಿಂಡ ಮನುಷ್ಯರಿಗಿಂತ ಬಹಳ ನಿಧಾನವಾಗಿ ಹೊರಹಾಕುತ್ತದೆ. ನಮಗೆ ಏನೂ ಆಗದ ಪ್ರಮಾಣ ಅದಕ್ಕೆ ಜಾಸ್ತಿಯಾಗಬಹುದು. ಊಟ ಬಿಡುವುದು, ವಾಂತಿ, ಹಿಂಗಾಲು ಸೋತು ತೂರಾಡುವುದು ಇದರ ಲಕ್ಷಣ.

ಮೂರನೆಯದು ಪ್ಯಾರಾಕ್ವಾಟ್. ಇದರ ಬಗ್ಗೆ ನಯವಾಗಿ ಹೇಳಲು ಏನೂ ಇಲ್ಲ. ಮನೆ, ಸೊಸೈಟಿ, ಮಕ್ಕಳು, ಪ್ರಾಣಿಗಳು ಇರುವ ಜಾಗಕ್ಕೆ ಇದು ಬರಲೇಬಾರದು. ಇದಕ್ಕೆ ಪ್ರತಿವಿಷ ಇಲ್ಲ. ಒಂದು ಗುಟುಕು ಮನುಷ್ಯನನ್ನು ಕೊಲ್ಲಬಲ್ಲದು. ನಾಯಿಗೆ ಮೊದಲು ವಾಂತಿ, ಬಾಯಿಯಲ್ಲಿ ಹುಣ್ಣು. ನಂತರ ಒಂದೆರಡು ದಿನ ಸುಧಾರಿಸಿದಂತೆ ಕಾಣಬಹುದು, ಅಷ್ಟರಲ್ಲಿ ಶ್ವಾಸಕೋಶ ಹಾಳಾಗುತ್ತಿರುತ್ತದೆ. ಹೊಡೆದ ಮರುದಿನವೇ ಹುಲ್ಲು ಸುಟ್ಟಂತೆ ಕಂದು ಬಣ್ಣಕ್ಕೆ ತಿರುಗಿದರೆ ಇದರ ಅನುಮಾನ ಪಡಿ. ಗ್ಲೈಫೊಸೇಟ್ ಹೊಡೆದ ಹುಲ್ಲು ಒಣಗಲು ಒಂದು ವಾರವಾದರೂ ಬೇಕು.

ಇನ್ನೊಂದು ಮಾತು. ಮಾಲಿಯ ಪಂಪು ಒಂದೇ ಇರುತ್ತದೆ. ನಿನ್ನೆ ದಾಸವಾಳದ ಹುಳಕ್ಕೆ ಕೀಟನಾಶಕ ಹೊಡೆದದ್ದೂ ಅದರಲ್ಲೇ, ಇವತ್ತಿನ ಕಳೆನಾಶಕವೂ ಅದರಲ್ಲೇ. ಕೆಲವು ಕೀಟನಾಶಕಗಳು ನಾಯಿ, ಬೆಕ್ಕಿಗೆ ಕಳೆನಾಶಕಕ್ಕಿಂತಲೂ ಬೇಗ ಕೆಲಸ ಕೊಡುತ್ತವೆ.

*ಒಣಗಿದ ಮೇಲೆ ಪರವಾಗಿಲ್ಲವೆ?*

ಬಾಟಲಿಯ ಮೇಲೆ ಹಾಗೆಯೇ ಬರೆದಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದರು. ಲಾನಿಗೆ ಕಳೆನಾಶಕ ಹೊಡೆಸುವ 25 ಮನೆಗಳ ನಾಯಿಗಳ ಮೂತ್ರ ನೋಡಿದರೆ, ಹೊಡೆಯುವ ಮೊದಲೇ 14 ಮನೆಗಳ ನಾಯಿಗಳಲ್ಲಿ ರಾಸಾಯನಿಕ ಇತ್ತು. ಹೊಡೆದ ಮೇಲೆ 19 ಮನೆಗಳಲ್ಲಿ. ತಮ್ಮ ಮನೆಯಲ್ಲಿ ಏನೂ ಹೊಡೆಸದವರ ನಾಯಿಗಳಲ್ಲಿಯೂ ಕೆಲವಕ್ಕೆ ಸಿಕ್ಕಿತು, ಪಕ್ಕದ ಲಾನಿನಿಂದ ಗಾಳಿಯಲ್ಲಿ ಬಂದಿರಬೇಕು. ಇದಕ್ಕೂ ಮೊದಲು, 2004ರಲ್ಲಿ, ಅದೇ ವಿಶ್ವವಿದ್ಯಾಲಯದವರು ಸ್ಕಾಟಿಷ್ ಟೆರಿಯರ್ ತಳಿಯ ನಾಯಿಗಳ ಮೂತ್ರಕೋಶದ ಕ್ಯಾನ್ಸರಿಗೂ ಕಳೆನಾಶಕ ಹೊಡೆದ ಹುಲ್ಲಿಗೂ ಸಂಬಂಧ ಗುರುತಿಸಿದ್ದರು. ಆ ತಳಿಗೆ ಈ ಕ್ಯಾನ್ಸರ್ ಹುಟ್ಟಿನಿಂದಲೇ ಹೆಚ್ಚು, ಆದ್ದರಿಂದ ನಿಮ್ಮ ಲ್ಯಾಬ್ರಡಾರಿಗೂ ಹಾಗೇ ಆಗುತ್ತದೆ ಎಂದು ಹೆದರಬೇಕಿಲ್ಲ. ಆದರೆ 'ಒಣಗಿದರೆ ಮುಗಿಯಿತು' ಎಂಬ ಮಾತನ್ನು ನಂಬಿ ಕೂರುವುದೂ ಬೇಡ.

ನಾಯಿ ಬರಿಗಾಲಲ್ಲಿ ನಡೆಯುತ್ತದೆ, ಆಮೇಲೆ ಕಾಲು ನೆಕ್ಕುತ್ತದೆ. ಬೆಕ್ಕು ಇಡೀ ಮೈಯನ್ನೇ ನೆಕ್ಕಿ ತೊಳೆಯುತ್ತದೆ. ಹೊಟ್ಟೆ ಕೆಟ್ಟಾಗ ಎರಡೂ ಹುಡುಕಿಕೊಂಡು ಹೋಗಿ ತಿನ್ನುವುದು ಗರಿಕೆಯನ್ನೇ. ಮಳೆಗಾಲದಲ್ಲಂತೂ ಹೊಡೆದ ವಿಷ ತೊಳೆದು ಗುಂಡಿಯಲ್ಲಿ ನಿಲ್ಲುತ್ತದೆ, ಆ ನೀರನ್ನೇ ಅವು ಕುಡಿಯುತ್ತವೆ.

ಗರಿಕೆ ಎಂದಾಗ ನೆನಪಾಯಿತು. ಗಣೇಶ ಚೌತಿ ಬರುವುದು ಇದೇ ಕಾಲಕ್ಕೆ. ಬೆಳಿಗ್ಗೆ ಮಕ್ಕಳನ್ನು ಸೊಸೈಟಿಯ ಲಾನಿಗೆ ಕಳಿಸಿ ಇಪ್ಪತ್ತೊಂದು ಗರಿಕೆ ತರಿಸುವ ಮನೆಗಳು ನಮ್ಮಲ್ಲಿ ಬಹಳ. ಹಬ್ಬದ ಹಿಂದಿನ ವಾರ ಅಲ್ಲಿ ಏನು ಹೊಡೆದಿದ್ದಾರೆ ಎಂದು ಕೇಳಿ ಕಳಿಸಿ.

*ಹಾಗಂತ ಕಸ ಬಿಡುವಂತಿಲ್ಲ*

ಎತ್ತರದ ಹುಲ್ಲಿನಲ್ಲಿ ಉಣ್ಣಿ ಇರುತ್ತವೆ, ನಾಯಿಗೆ ಉಣ್ಣಿಜ್ವರ ತರುತ್ತವೆ. ಚೂಪು ತೆನೆಗಳು ಕಿವಿಯಲ್ಲಿ, ಬೆರಳ ಸಂದಿಯಲ್ಲಿ ಸೇರಿ ಕೀವಾಗುತ್ತವೆ. ಕಾಂಗ್ರೆಸ್ ಕಸದ್ದು ಇನ್ನೂ ದೊಡ್ಡ ಕಥೆ, ಅದೂ ಪುಣೆಯದ್ದೇ ಕಥೆ.

ಸಸ್ಯಶಾಸ್ತ್ರಜ್ಞರು ಪಾರ್ಥೇನಿಯಂ ಗಿಡವನ್ನು ಭಾರತಕ್ಕೆ ಹೊಸದೆಂದು 1956ರಲ್ಲಿ ದಾಖಲಿಸಿದ್ದು ಇದೇ ಪುಣೆಯಲ್ಲಿ. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬುದು ಎಲ್ಲರೂ ಹೇಳುವ ಮಾತು. ಮರಾಠಿಯವರು ಇದನ್ನು 'ಗಾಜರ ಗವತ' ಎನ್ನುತ್ತಾರೆ, ಎಲೆ ಗಜ್ಜರಿ ಎಲೆಯಂತೆ ಇರುವುದಕ್ಕೆ. ಇದರಿಂದ ಚರ್ಮರೋಗ ಬಂದ ರೋಗಿಗಳನ್ನು ಪುಣೆಯ ವೈದ್ಯರು 1960ರ ದಶಕದ ಕೊನೆಗೇ ಗುರುತಿಸಿದ್ದರು. ಕುತ್ತಿಗೆ, ಕಣ್ಣಿನ ರೆಪ್ಪೆ, ಮೊಣಕೈ ಮಡಿಕೆಯಲ್ಲಿ ತುರಿಕೆ, ಚರ್ಮ ದಪ್ಪಗಾಗುವುದು. ವರ್ಷಗಟ್ಟಲೆ ಮುಟ್ಟಿದ ಮೇಲೆ ಒಂದು ದಿನ ಏಕಾಏಕಿ ಶುರುವಾಗುತ್ತದೆ. ಕರ್ನಾಟಕ ಸರ್ಕಾರ 1975ರಲ್ಲಿಯೇ ಇದನ್ನು ಪೀಡೆ ಕಳೆ ಎಂದು ಘೋಷಿಸಿತು. ಒಂದು ಗಿಡ 15,000ದಿಂದ 25,000 ಬೀಜ ಕೊಡುತ್ತದೆ, ಮೊಳೆತು ನಾಲ್ಕರಿಂದ ಆರು ವಾರಕ್ಕೆ ಹೂ ಬಿಡುತ್ತದೆ.

ಈ ಕೊನೆಯ ಲೆಕ್ಕವೇ ನಮ್ಮ ಕೈಗೆ ಸಿಗುವ ಹಿಡಿ. ಮೊದಲ ದೊಡ್ಡ ಮಳೆಯಾಗಿ ಮೂರು ವಾರದೊಳಗೆ, ಹೂ ಬರುವ ಮೊದಲು, ನೆಲ ಹಸಿ ಇರುವಾಗ ಕೀಳಬೇಕು. ಆಗ ಬೇರು ಸಮೇತ ಬೆಣ್ಣೆಯಲ್ಲಿ ಕೂದಲು ಎಳೆದಂತೆ ಬರುತ್ತದೆ. ಕೈಗವಸು ಬೇಕು, ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಚೀಲವನ್ನಾದರೂ ಕೈಗೆ ಸುತ್ತಿಕೊಳ್ಳಿ, ತುಂಬು ತೋಳಿನ ಅಂಗಿ ಹಾಕಿ. ನಾಯಿಯನ್ನು ಒಳಗೆ ಕಟ್ಟಿರಿ, ಕಿತ್ತ ರಾಶಿಯ ಮೇಲೆ ಹೊರಳಾಡುವುದು ಅದಕ್ಕೆ ಖುಷಿ. ಆಗಲೇ ಹೂ ಬಂದಿದ್ದರೆ ತುದಿಗೆ ಚೀಲ ಮುಚ್ಚಿ ಕೀಳಿ, ಬೀಜ ಉದುರದಂತೆ. ಹೂ ಇಲ್ಲದ್ದನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಎಲೆಯ ಮೇಲೆ ಕೆನೆ ಬಣ್ಣದ, ಕಪ್ಪು ಗೀರುಗಳಿರುವ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಕಾಂಗ್ರೆಸ್ ಕಸ ತಿನ್ನಲೆಂದೇ ಮೆಕ್ಸಿಕೋದಿಂದ 1983ರಲ್ಲಿ ಬೆಂಗಳೂರಿಗೆ ತರಿಸಿ, ಮರುವರ್ಷ ಬಿಟ್ಟ ದುಂಬಿಯ ಸಂತಾನ ಅದು.

ಕಿತ್ತ ಜಾಗ ಖಾಲಿ ಬಿಟ್ಟರೆ ಮತ್ತೆ ಅದೇ ಬರುತ್ತದೆ. ಚೆಂಡುಹೂವಿನ ಬೀಜ ಚೆಲ್ಲಿ. ಅದು ದಟ್ಟವಾಗಿ ಬೆಳೆದು ಕಾಂಗ್ರೆಸ್ಸಿಗೆ ಜಾಗ ಕೊಡುವುದಿಲ್ಲ, ದಸರೆಗೆ ಹೂವೂ ಆಯಿತು. ಗಿಡಗಳ ಬುಡಕ್ಕೆ ರಟ್ಟು ಹಾಸಿ ಮೇಲೆ ಒಣಗಿದ ಎಲೆಯೋ ಕಬ್ಬಿನ ರವದಿಯೋ ಮೂರು ಬೆರಳು ದಪ್ಪ ಹರಡಿದರೆ ಬೆಳಕಿಲ್ಲದೆ ಕಳೆ ಮೊಳೆಯುವುದೇ ಕಡಿಮೆ. ಜೇಕು ಮಾತ್ರ ಇದಕ್ಕೆಲ್ಲ ಬಗ್ಗುವುದಿಲ್ಲ. ಖುರ್ಪಿ ಹಿಡಿದು ಕೆಳಗಿನ ಗಡ್ಡೆ ತೆಗೆಯಬೇಕು, ಮತ್ತೆ ಹದಿನೈದು ದಿನಕ್ಕೆ ತೆಗೆಯಬೇಕು. ನಮ್ಮ ಹೊಲದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಪಾರ್ಕಿಂಗ್ ಕಲ್ಲುಗಳ ಸಂದಿಯ ಹುಲ್ಲಿಗೆ ಕುದಿಯುವ ನೀರು ಸಾಕು. ಅನ್ನ ಬಸಿದ ಬಿಸಿ ಗಂಜಿಯೂ ಆಗುತ್ತದೆ. ಎರಡು ಮೂರು ಸಲ ಸುರಿದರೆ ಸಾಯುತ್ತದೆ. ನಾಯಿ, ಮಕ್ಕಳು ದೂರ ಇರಲಿ, ಅಷ್ಟೇ.

*ಉಪ್ಪು, ವಿನೆಗರ್ ಮತ್ತು 'ಆರ್ಗ್ಯಾನಿಕ್'*

ಇದೇ ವಾಟ್ಸಾಪಿನಲ್ಲಿ ಓಡಾಡುವ ಉಪಾಯ ನಿಮಗೂ ಬಂದಿರುತ್ತದೆ: ಉಪ್ಪು, ವಿನೆಗರ್, ಪಾತ್ರೆ ಸೋಪು ಬೆರೆಸಿ ಹೊಡೆಯಿರಿ, ಪೂರ್ತಿ ಸುರಕ್ಷಿತ ಎಂದು. ಅಡುಗೆಮನೆಯ ವಿನೆಗರ್ ಎಲೆಯನ್ನಷ್ಟೇ ಸುಡುತ್ತದೆ, ಬೇರು ಚಿಗುರುತ್ತದೆ. ಉಪ್ಪು ಕೆಲಸ ಮಾಡುತ್ತದೆ ನಿಜ. ಲೀಟರಿಗೆ 150ರಿಂದ 200 ಗ್ರಾಂ ಉಪ್ಪು ಬೆರೆಸಿ ಕಾಂಗ್ರೆಸ್ ಕಸಕ್ಕೆ ಹೊಡೆಯುವ ಸಲಹೆಯನ್ನು ಕಳೆ ವಿಜ್ಞಾನಿಗಳೇ ಕೊಡುತ್ತಾರೆ, ಆದರೆ ರಸ್ತೆ ಬದಿ, ಬಯಲು ಜಾಗಕ್ಕೆ. ತೋಟಕ್ಕೆ ಹಾಕಿದರೆ ಮಣ್ಣೇ ಸಾಯುತ್ತದೆ. ನಾಯಿ ಆ ಉಪ್ಪು ನೆಕ್ಕಿ ಹೆಚ್ಚಾದರೆ ವಾಂತಿ, ನಡುಕ, ಫಿಟ್ಸ್ ತನಕ ಹೋಗಬಹುದು.

ಗೊಬ್ಬರದ ವಿಷಯದಲ್ಲಿ ಒಂದು ಎಚ್ಚರಿಕೆ, ಕಳೆಯ ಮಾತಲ್ಲದಿದ್ದರೂ. ಔಡಲ ಹಿಂಡಿಯನ್ನು ನಾಯಿ ಇರುವ ಮನೆಗೆ ತರಬೇಡಿ. ವಾಸನೆಗೆ ಆಸೆಪಟ್ಟು ತಿನ್ನುತ್ತದೆ. ಅದರಲ್ಲಿರುವ ರಿಸಿನ್ ಜೀವ ತೆಗೆಯುವಂಥ ವಿಷ.

*ಸೊಸೈಟಿಯವರು ಹೊಡೆಸಿಯೇ ತೀರುತ್ತೇವೆ ಎಂದರೆ*

ಜಗಳ ಬೇಡ, ಪ್ರಶ್ನೆ ಕೇಳಿ. ಮಾಲಿಯನ್ನು ಮಾತಾಡಿಸಿ: "ದಾದಾ, ಆಜ ಕಾಯ ಫವಾರಲಂ? ಬಾಟಲಿ ದಾಖವಾ." ಇವತ್ತು ಏನು ಹೊಡೆದಿರಿ, ಬಾಟಲಿ ತೋರಿಸಿ ಎಂದರ್ಥ. ಎಷ್ಟೋ ಸಲ ಆತ ಕಲಬುರಗಿ, ಯಾದಗಿರಿ ಕಡೆಯವನೇ ಆಗಿದ್ದು ಕನ್ನಡದಲ್ಲೇ ಉತ್ತರ ಬರುತ್ತದೆ. ಅವನ ಕೈಗೆ ಗವಸು, ಕಾಲಿಗೆ ಬೂಟು, ಮುಖಕ್ಕೆ ಮಾಸ್ಕ್ ಇದೆಯೇ ನೋಡಿ. ನಮ್ಮ ನಾಯಿ ಸಂಜೆ ಹತ್ತು ನಿಮಿಷ ಅಲ್ಲಿ ನಡೆಯುತ್ತದೆ, ಅವನು ಬೆಳಿಗ್ಗೆಯಿಂದ ಆ ಮಂಜಿನಲ್ಲೇ ಉಸಿರಾಡುತ್ತಾನೆ. ಗವಸು, ಬೂಟಿನ ಖರ್ಚು ಮೆಂಟೆನೆನ್ಸ್ ಹಣದಿಂದ ಆಗಬೇಕು ಎಂದು ಮೀಟಿಂಗಿನಲ್ಲಿ ಹೇಳುವುದು ನಮ್ಮ ಕೆಲಸ.

ಬಾಟಲಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ಕುಡಿಯಬಹುದು ಎಂದಲ್ಲ. ಲೇಬಲ್ ಇಲ್ಲದ ಬಾಟಲಿ, ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟ ದ್ರವ ಕಂಡರೆ ಅವತ್ತೇ ಸೆಕ್ರೆಟರಿಗೆ ಹೇಳಿ ತೆಗೆಸಿ. ಹೊಡೆಯುವ ಹಿಂದಿನ ದಿನ ಲಿಫ್ಟಿನಲ್ಲಿ ಚೀಟಿ ಹಚ್ಚಲಿ. ಗಾಳಿ ಇಲ್ಲದ, ಮಳೆ ಬರದ ದಿನ ನೋಡಲಿ. ಆಮೇಲೆ ಎರಡು ದಿನವಾದರೂ ಆ ಕಡೆ ನಾಯಿಯನ್ನು ಒಯ್ಯಬೇಡಿ. ಪಕ್ಕದ ಖಾಲಿ ಪ್ಲಾಟಿನ ಕಸಕ್ಕೆ ಪಿಂಪ್ರಿ-ಚಿಂಚವಡ ಪಾಲಿಕೆಯ 'ಸಾರಥಿ' ಸಹಾಯವಾಣಿಗೆ ದೂರು ಕೊಡಬಹುದು.

*ಕಾಲಿಟ್ಟೇಬಿಟ್ಟರೆ, ನೆಕ್ಕಿಬಿಟ್ಟರೆ*

ನೀವು ಗವಸು ಹಾಕಿಕೊಂಡು ಉಗುರು ಬೆಚ್ಚಗಿನ ನೀರು, ಸೋಪಿನಿಂದ ಕಾಲು, ಹೊಟ್ಟೆಯನ್ನು ಚೆನ್ನಾಗಿ ತೊಳೆಯಿರಿ. ಒರೆಸಿ, ಒಣಗುವ ತನಕ ನೆಕ್ಕದಂತೆ ಟವೆಲ್ ಸುತ್ತಿ ಹಿಡಿಯಿರಿ. ಕಣ್ಣಿಗೆ ಬಿದ್ದಿದ್ದರೆ ಹದಿನೈದು ನಿಮಿಷ ತಣ್ಣೀರು ಹರಿಸಿ.

ಹೊಟ್ಟೆಗೆ ಹೋಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ಹಾಲು, ತುಪ್ಪ, ಮಜ್ಜಿಗೆಯೂ ಬೇಡ. ಬಾಟಲಿಯ ಲೇಬಲ್ ಫೋಟೋ ತೆಗೆದು ಸೀದಾ ಪಶುವೈದ್ಯರ ಹತ್ತಿರ ಹೋಗಿ. ಪ್ಯಾರಾಕ್ವಾಟ್ ಅನುಮಾನವಿದ್ದರೆ ನಾಯಿ ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದರೂ ಕಾಯಬೇಡಿ, ಮೊದಲ ಒಂದೆರಡು ಗಂಟೆಯ ಚಿಕಿತ್ಸೆಯಷ್ಟೇ ಕೆಲಸಕ್ಕೆ ಬರುವುದು. ಜೊಲ್ಲು ಸುರಿದು, ಮೈ ಅದುರಿ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು ಸಣ್ಣಗಾಗಿದ್ದರೆ ಅದು ಕಳೆನಾಶಕವಲ್ಲ, ಕೀಟನಾಶಕ ಇರಬಹುದು. ಅದಕ್ಕೆ ಅಟ್ರೋಪಿನ್ ಇಂಜೆಕ್ಷನ್ ಇದೆ, ಸಮಯಕ್ಕೆ ಸಿಕ್ಕರೆ ಜೀವ ಉಳಿಯುತ್ತದೆ.

ಮಗುವಿನ ಬಾಯಿಗೆ ಹೋಗಿದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೇ ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರಕ್ಕೆ ಫೋನ್ ಮಾಡಬಹುದು: 1800 116 117. ಹಣ ಕೊಡಬೇಕಿಲ್ಲ, ರಾತ್ರಿಯೂ ಇರುತ್ತಾರೆ. ನಾಯಿ, ಬೆಕ್ಕಿನ ಮಟ್ಟಿಗೆ, ನಿಮ್ಮ ಮನೆಗೆ ಹತ್ತಿರ ರಾತ್ರಿ ಬಾಗಿಲು ತೆರೆದಿರುವ ಪಶು ಆಸ್ಪತ್ರೆ ಯಾವುದು ಎಂದು ಇವತ್ತೇ ವಿಚಾರಿಸಿ ನಂಬರ್ ಫೋನಿನಲ್ಲಿ ಹಾಕಿಟ್ಟುಕೊಳ್ಳಿ.